ಹೊರೆಗಲ್ಲಿಗೆ ನಾನು ಬರೆದ ಚರಿತ್ರೆ

ಎಂಬತ್ತರ ದಶಕದಲ್ಲಿ ಕೊಯಮತ್ತೂರಿನ ನಮ್ಮ ನೇಕಾರರ ಬೀದಿಯಿಂದ ಕಾಲೇಜಿಗೆ ಹೋಗುತ್ತಿದ್ದವಳು ನಾನೊಬ್ಬಳೇ. ಆ ಒಂದು ತಪ್ಪಿಗೆ ಊರವರ ಅರ್ಜಿಗಳನ್ನೆಲ್ಲ ನನ್ನ ತಲೆಗೆ ಕಟ್ಟುತ್ತಿದ್ದರು. ಪೀಳಮೇಡಿನ ಕಡೆಯ ರಸ್ತೆ ಅಗಲ ಮಾಡಲು ಬೀದಿ ತುದಿಯ ಹೊರೆಗಲ್ಲನ್ನು ಕೀಳುತ್ತಾರೆಂದು ಗೊತ್ತಾದಾಗಲೂ ಹಾಗೇ ಆಯಿತು. ಎರಡು ನಿಂತ ಕಲ್ಲು, ಮೇಲೊಂದು ಅಡ್ಡ ಚಪ್ಪಡಿ. ತಲೆಹೊರೆಯವರು ಬಗ್ಗದೆ ಗಂಟನ್ನು ಅದರ ಮೇಲೆ ಸರಿಸಿ ಉಸಿರು ಬಿಡುತ್ತಿದ್ದರು. ಊರಿನ ಅತಿ ಹಳೆಯ ಸ್ಮಾರಕವೆಂದು ಚರಿತ್ರೆ ಬರೆದು ಕೊಟ್ಟರೆ ಉಳಿಸಬಹುದು ಎಂದಿದ್ದರಂತೆ ರಸ್ತೆ ಇಲಾಖೆಯ ಕಚೇರಿಯವರು.

ಚರಿತ್ರೆ ಹೇಳಲು ಕೂತವರು ದೊಡ್ಡಪ್ಪ. ಮೊದಲ ಕಾಫಿಗೆ ಕಲ್ಲನ್ನು ಮೈಸೂರು ಅರಸರು ನೆಟ್ಟಿದ್ದರು. ಎರಡನೆಯದಕ್ಕೆ ವಿಜಯನಗರದವರು. ನಾನು ಹೊಡೆದು ಹಾಕಿ ಮತ್ತೆ ಬರೆದೆ. ಮೂರನೆಯದಕ್ಕೆ ಚೋಳರ ಕಾಲಕ್ಕೆ ಹೋದರು.

"ದೊಡ್ಡಪ್ಪಾ, ಯಾವುದಾದ್ರೂ ಒಂದ್ರಲ್ಲಿ ನಿಲ್ಲಿ" ಎಂದೆ.

"ಹಳೇದಾದ್ರೆ ತಾನೆ ಕಣ್ಣು, ಬಿಡ್ತಾರೆ? ಸುಮ್ಮಾ ಬರಿ" ಎಂದರು. ನಮ್ಮ ಬೀದಿಯಲ್ಲಿ ಮಕ್ಕಳನ್ನು ತಮಿಳರ ಹಾಗೆ 'ಕಣ್ಣು' ಎಂದೇ ಮುದ್ದಿನಿಂದ ಕರೆಯುತ್ತಿದ್ದರು.

ಸಿಟ್ಟಿನಿಂದ ಎದ್ದು ಹಿತ್ತಲಿಗೆ ಹೋದೆ. ಅಲ್ಲಿ ಅಜ್ಜಿ, ದೊಡ್ಡಪ್ಪನ ತಾಯಿ, ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ನಿನಗಾದರೂ ಗೊತ್ತಾ ಎಂದು ರೇಗಿದೆ. ಅವಳು ರಾಟೆ ನಿಲ್ಲಿಸಲಿಲ್ಲ.

"ಅದು ನಮ್ಮವ್ವನ ಕಲ್ಲು. ಬಸುರೀಲೇ ಸತ್ತಳು. ಇಳಿಸ್ದೆ ಇರೋ ಹೊರೆ ಹೊತ್ಕೊಂಡು ಹೋದಳಲ್ಲಾ ಅಂತ ನಮ್ಮಪ್ಪ ನೆಟ್ಟಿದ್ದು. ದಾರೀಲಿ ಹೋಗೋರು ಒಂದೊಂದು ಗಂಟು ಇಳಿಸ್ದಾಗ್ಲೂ ಅವಳ ಭಾರ ಒಸಿ ಇಳೀತದೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರಿ?"

ಕಲ್ಲಿಗೆ ಅಜ್ಜಿಯಷ್ಟೂ ವಯಸ್ಸಾಗಿರಲಿಲ್ಲ, ನಿಜ ಬರೆದರೆ ಕಿತ್ತೇ ಹಾಕುತ್ತಿದ್ದರು. ಸುಳ್ಳು ಬರೆದರೆ ಕಲ್ಲು ಉಳಿಯುತ್ತಿತ್ತು, ಅವಳ ಅವ್ವನ ಗುರುತು ಉಳಿಯುತ್ತಿರಲಿಲ್ಲ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ರಾಜ ನೆಟ್ಟಿದ್ದು ಅಂತ್ಲೇ ಬರಿ ಕಣ್ಣು" ಎಂದಳು ಅಜ್ಜಿ. "ಕಲ್ಲು ನಿಂತಿರ್ಲಿ."

ಹಲ್ಲು ಕಚ್ಚಿಕೊಂಡು ಚೋಳರನ್ನೇ ಬರೆದೆ. ಕಚೇರಿಯವರು ಒಂದು ಪ್ರಶ್ನೆಯನ್ನೂ ಕೇಳದೆ ನಂಬಿದರು, ಅದಕ್ಕೂ ನನಗೆ ಸಿಟ್ಟು ಬಂತು. ರಸ್ತೆ ಕಲ್ಲನ್ನು ಸುತ್ತಿಕೊಂಡು ಹೋಯಿತು. ಚೋಳರ ಹೆಸರಿನ ಬೋರ್ಡು ಬಂತು. ಸ್ಮಾರಕವಾದ ಮೇಲೆ ಕಂಡವರು ಮುಟ್ಟಬಾರದೆಂದು ಸುತ್ತ ಎದೆಮಟ್ಟದ ಕಬ್ಬಿಣದ ಬೇಲಿಯೂ ಬಂತು, ಗೇಟಿಗೆ ಬೀಗ ಹಾಕಿದರು. ದೊಡ್ಡಪ್ಪ ಬೀದಿಗೆಲ್ಲ ಮಿಠಾಯಿ ಹಂಚಿದರು.

ಮರುವಾರ ಅಜ್ಜಿ ನೂಲಿನ ಗಂಟು ಹೊತ್ತು ಬಂದವಳು ಬೇಲಿಯ ಹೊರಗೆ ನಿಂತುಬಿಟ್ಟಳು. ಬೋರ್ಡಿನಲ್ಲಿ ಏನಿದೆ ಎಂದು ಕೇಳಲಿಲ್ಲ.

"ಇನ್ನು ನಮ್ಮವ್ವನ ಭಾರ ಹೆಂಗೆ ಇಳಿಯೋದು?" ಎಂದಳು.

ನಾನು ಕೈ ಚಾಚಿದೆ. ಗಂಟನ್ನು ನನಗೆ ಕೊಡದೆ, ತಲೆಯ ಮೇಲೇ ಹೊತ್ತು ಮನೆಗೆ ನಡೆದಳು.