ಮಾಲಿ ನುಂಗಿದ ಮಷಿನ್

ಮನಿಗಿ ಜಾಲಿ ಕಟಗಿ ಕೊಯ್ಯೋ ಮಷಿನ್ ತರೂಣು ಅಂತ ಶಹಾಪುರದ ಒಂದು ಅಂಗಡಿಗಿ ಹೋಗಿದ್ದೆ. ಗಲ್ಲಾದಾಗ ನನ್ನ ವಯಸ್ಸಿನ ಹೆಣ್ಮಗಳು ಕುಂತಿದ್ಲು.

"ಎಲ್ಲಾಕಿಂತ ದೊಡ್ಡದು ಕೊಡ್ರಿ ಅಕ್ಕಾರ," ಅಂದೆ.

"ಮನಿ ಒಲಿಗಿ ಮೀಡಿಯಂ ಸೈಜ್ ಸಾಕ್ರಿ," ಅಂತ ಸೆರಗು ಸೊಂಟಕ್ಕ ಸಿಗಿಸಿ, ಒಂದು ಮಷಿನ್ ಅಂಗಳಕ್ಕ ತಂದ್ಲು. ಅದರ ಚೈನ್ ಸುತ್ತಿದ ಬ್ಲೇಡಿನ ಮ್ಯಾಲ ಬೆಳಗಿನ ಪೂಜಿಯ ಚೆಂಡುಹೂವಿನ ಮಾಲಿ ಹಂಗೇ ಇತ್ತು. "ಮೊದಲ ಹೆಗಲ ಮ್ಯಾಲಿನ ಶಲ್ಯ ತೆಗೀರಿ."

ನನಗ ಸಿಟ್ಟು ಬಂತು. ನಾಲ್ಕು ಮಂದಿ ಮುಂದ ಶಲ್ಯ ಇಳಸೂದು ಸಣ್ಣ ಮಾತೇನು?

"ಇದನ್ನ ಯಾರ ಮುಂದೂ ಇಳಿಸಿಲ್ರಿ," ಅಂದು ಮಷಿನ್ ನೋಡಾಕ ಬಗ್ಗಿದೆ. ಶಲ್ಯದ ಚುಂಗು ಕೆಳಗ ಜೋತುಬಿತ್ತು.

ಆಕಿ ನನ್ನ ಹಿಂದಕ ದಬ್ಬಿ, ಹಗ್ಗ ಜಗ್ಗಿ ರೇಸ್ ಕೊಟ್ಲು. ಮಷಿನ್ ಒದರಿದ್ದಷ್ಟ ಕೇಳಿಸ್ತು. ಕಣ್ಣು ಪಿಳುಕಿಸೂದ್ರಾಗ ಮಾಲಿ ಮಾಯ! ನನ್ನ ಮಾರಿ, ಮೀಸಿ ತುಂಬ ಹೂವಿನ ಎಸಳು. ಕೈ ತಾನಾಗೇ ಕುತ್ತಿಗಿ ಮ್ಯಾಲಿನ ಶಲ್ಯಕ್ಕ ಹೋತು.

ಆಕಿ ಮಷಿನ್ ಬಂದ್ ಮಾಡಿದ್ಲು. "ನಿಮ್ಮಂಥವರಿಗಂತನೇ ಮಾಲಿ ಬಿಟ್ಟಿರ್ತೀನ್ರಿ. ಇದು ಮೀಡಿಯಂ. ದೊಡ್ಡದು ತೋರಿಸ್ಲೇನ್ರಿ?"

ಮೀಡಿಯಂ ಮಷಿನ್ನೇ ತಗೊಂಡು ಬಂದೆ. ಸಾವ್ಕಾರ್ರ ಮುಂದ, ಬೀಗರ ಮುಂದ ಇಳಿಸದ ಶಲ್ಯ ಈಗ ವಾರಕ್ಕೊಮ್ಮಿ ಜಾಲಿ ಕಟಗಿ ಮುಂದ ಇಳಸ್ತೀನಿ, ಅದೂ ಎರಡೂ ಕೈಲೆ.