ಬಾಲಮ್ಮನ ಸುಟ್ಟ ಉಳ್ಳಾಗಡ್ಡಿ

ಮರಾಠಿ ಸೀಮೆಯ ಕೋಪರಖೈರಣೆಯಲ್ಲಿ ಬಾಲಮ್ಮನ ಖಾನಾವಳಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವಳು ಜೋಳದ ರೊಟ್ಟಿ ಬಡಿಯುವ ಸಪ್ಪಳವೇ ಸಾಕಿತ್ತು. ತುರ್ಭೆಯ ಕಾಂದಾ-ಬಟಾಟಾ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಮೂಟೆ ಹೊರುವ ರಾಯಚೂರು ಕಡೆಯ ಹದಿನೆಂಟು ಹಮಾಲರು ಆ ಸಪ್ಪಳಕ್ಕೆ ಸರಿಯಾಗಿ ಬಂದು ಕೂರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯ ಮೂಲೆ ಬೇಡವೆಂದು ಇಲ್ಲಿಗೆ ಬಂದವಳು. ಅವಳ ಅನ್ನ, ಅವಳ ಮಾನ ಎರಡೂ ರೊಟ್ಟಿ ಬಡಿಯುವ ಆ ಬಲಗೈಯಲ್ಲೇ ಇದ್ದವು.

ಎಂಬತ್ತಮೂರರ ಮಳೆಗಾಲದಲ್ಲಿ ಕಾಲರಾ ಸೂಜಿ ಚುಚ್ಚಲು ನರ್ಸ್‌ಬಾಯಿ ಬಂದಳು. ಎಡಗೈ ತೋರಿಸು ಎಂದು ಸನ್ನೆ ಮಾಡಿದಳು. ಸರ್ಕಾರದವರಿಗೆ ಎಡಗೈ ಚಾಚುವುದುಂಟೇ? ಬಾಲಮ್ಮ ಮರ್ಯಾದೆಯಿಂದ ಬಲಗೈಯನ್ನೇ ಕೊಟ್ಟಳು. ಮರ್ಯಾದೆ ದುಬಾರಿಯಾಯಿತು. ಜ್ವರ ಎರಡೇ ದಿನಕ್ಕೆ ಬಿಟ್ಟಿತು, ಹೆಗಲ ನೋವು ಹದಿನೈದು ದಿನವಾದರೂ ಬಿಡಲಿಲ್ಲ. ಕೈ ಎತ್ತಿದರೆ ಜೀವ ಹೋದಂತಾಗುತ್ತಿತ್ತು. ಎಡಗೈಯಲ್ಲಿ ಬಡಿದ ರೊಟ್ಟಿಗಳು ಗೋಣಿತಟ್ಟಿನಷ್ಟು ದಪ್ಪ.

"ಅಕ್ಕಾ, ಇದು ರೊಟ್ಟಿನೋ, ಕೊಡದ ಮುಚ್ಚಳಾನೋ?" ಎಂದ ಹಿರಿಯ ಹಮಾಲ ಮಾಪಣ್ಣ. ವಾಶಿಯ ಹೋಟೆಲಿನಲ್ಲಿ ರೈಸ್‌ಪ್ಲೇಟು ಚಲೋ ಸಿಗುತ್ತದಂತೆ ಎಂದು ಯಾರೋ ಗೊಣಗಿದ್ದೂ ಕೇಳಿಸಿತು. ಬಾಲಮ್ಮನಿಗೆ ದಿಗಿಲಾಯಿತು. ಇವರು ಹೋದರೆ ಮತ್ತೆ ಮೈದುನನ ಮನೆಯೇ ಗತಿ.

ಮರುದಿನವೇ ದವಾಖಾನೆಗೆ ಓಡಿದಳು. ಅದೇ ನರ್ಸ್‌ಬಾಯಿ ಚೀಟಿ ಬರೆಯುತ್ತಲೇ, "ಖಾಂದಾ ಶೇಕಾ, ದಿವಸಾತೂನ್ ದೋನದಾ," ಎಂದಳು. ಬಾಲಮ್ಮನಿಗೆ ಬರುತ್ತಿದ್ದುದು ಮಾರ್ಕೆಟ್ಟಿನ ಮರಾಠಿ. ಕಾಂದಾ ಎಂದರೆ ಉಳ್ಳಾಗಡ್ಡಿ, ಶೇಕಾ ಎಂದರೆ ಸುಡು. ದಿನಕ್ಕೆರಡು ಸಲ. ಇಷ್ಟೇ ತಾನೇ!

ಅಂದಿನಿಂದ ಒಲೆಯ ಕೆಂಡದಲ್ಲಿ ಉಳ್ಳಾಗಡ್ಡಿ ಸುಟ್ಟು ತಿಂದದ್ದೇ ತಿಂದದ್ದು. ಹೆಚ್ಚಾದದ್ದಕ್ಕೆ ಉಪ್ಪು, ಖಾರ ಹಚ್ಚಿ ಹಮಾಲರ ತಾಟಿಗೂ ಹಾಕಿದಳು. ಅವರ ಗೊಣಗಾಟ ನಿಂತಿತು. ದಪ್ಪ ರೊಟ್ಟಿಯನ್ನು ಮುರಿದು ಮುರಿದು ತಿಂದು, ಸುಮ್ಮನೆ ಕೈ ತೊಳೆದುಕೊಂಡು ಹೋಗುತ್ತಿದ್ದರು. "ಕಣ್ಣು ಯಾಕ ಕೆಂಪಗಾಗ್ಯಾವ ಅಕ್ಕಾ?" ಎಂದು ಕೇಳಿದರೆ, "ಉಳ್ಳಾಗಡ್ಡಿ ಘಾಟಪ್ಪ," ಎನ್ನುತ್ತಿದ್ದಳು. ತನ್ನ ಔಷಧವೇ ಗಿರಾಕಿಗಳನ್ನು ಹಿಡಿದಿಟ್ಟಿತೆಂದು ಒಳಗೊಳಗೇ ಬೀಗಿದಳು. ಹೆಗಲು ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

ಮೂರು ವಾರ ಕಳೆದು ಮತ್ತೆ ದವಾಖಾನೆಗೆ ಹೋದಳು. ನೀವು ಹೇಳಿದಂತೆ ದಿನಾ ಸುಟ್ಟೆ, ಉಪ್ಪು ಹಚ್ಚಿ ತಿಂದೆ, ಗುಣವಿಲ್ಲ ಎಂದು ತನ್ನ ಹರಕುಮುರಕು ಮರಾಠಿಯಲ್ಲಿ ದೂರಿದಳು. ನರ್ಸ್‌ಬಾಯಿ ಒಂದು ಕ್ಷಣ ದಿಟ್ಟಿಸಿ, ಕುರ್ಚಿಯಿಂದ ಬೀಳುವಷ್ಟು ನಕ್ಕಳು. ಆಮೇಲೆ ಬಾಲಮ್ಮನ ಹೆಗಲು ಮುಟ್ಟಿ, "ಕಾಂದಾ ನಾಹೀ ಬಾಯಿ, ಹಾ ಖಾಂದಾ," ಎಂದಳು. ಹೆಗಲಿಗೆ ಕಾವು ಕೊಡು ಎಂದಿದ್ದಳಂತೆ.

ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಟ್ಟುಕೊಂಡು, ಮೆಲ್ಲಮೆಲ್ಲನೆ ಆಡಿಸುತ್ತ, ಹದಿನೈದು ದಿನಕ್ಕೆ ಕೈ ಮೇಲೆದ್ದಿತು. ಹಾಳೆಯಂಥ ರೊಟ್ಟಿ ಬಡಿದ ದಿನ ಬಾಲಮ್ಮ ಹಮಾಲರಿಗೆ ಎಲ್ಲವನ್ನೂ ಹೇಳಿ, ತಾನೇ ಬಿದ್ದು ಬಿದ್ದು ನಕ್ಕಳು. "ಖರೆ ಹೇಳ್ರೋ, ಉಳ್ಳಾಗಡ್ಡಿ ಆಸೆಗೇ ಆ ದಪ್ಪ ರೊಟ್ಟಿ ತಿಂದ್ರಿ, ಹೌದಿಲ್ಲೋ?"

ಮಾಪಣ್ಣ ತಾಟಿನಿಂದ ತಲೆ ಎತ್ತಲಿಲ್ಲ. "ದಿನಾ ಹೆಗಲ ಮ್ಯಾಲ ಉಳ್ಳಾಗಡ್ಡಿನೇ ಹೊರೋರಿಗೆ ಅದರ ಆಸೆ ಎಲ್ಲೀದಕ್ಕಾ? ಸುಟ್ಟ ಉಳ್ಳಾಗಡ್ಡಿ ಯಾರ ಕಣ್ಣಾಗೂ ನೀರು ತರಿಸಂಗಿಲ್ಲ. ಹೆಗಲ ನೋವಿಗೆ ನೀ ಅಳೂದು ನಮಗ ಗೊತ್ತಿತ್ತು. ಇನ್ನೊಂದು ರೊಟ್ಟಿ ಹಾಕು."