ಮುತ್ಯಾನ ಪುಸ್ತಕದ ಕೊನೆಯ ಹಾಳೆ

ಮುತ್ಯಾ, ಅವ್ವನ ಅಪ್ಪ, ತೀರಿಕೊಂಡಾಗ, ಮಣ್ಣಿಗೆ ಒಯ್ಯುವ ಮುನ್ನ ಕೂರಿಸಿದ್ದ ಅವನ ತೊಡೆಯ ಮೇಲೆ ಭಜನೆ ಪುಸ್ತಕ ಇಟ್ಟವಳು ನಾನೇ. ಹಾಡುವವರ ಜೊತೆ ಅವರ ಪುಸ್ತಕವೂ ಹೋಗಬೇಕು, ಅದು ನಮ್ಮ ಮನೆತನದ ಪದ್ಧತಿ. ಇನ್ನೊಂದು ಪ್ರತಿ ಎಲ್ಲಾದರೂ ಇದ್ದೇ ಇರುತ್ತದೆ ಅಂದುಕೊಂಡೆ, ಯಾರನ್ನೂ ಕೇಳಲಿಲ್ಲ. ಎಲ್ಲೂ ಇರಲಿಲ್ಲ.

ಅವ್ವನಿಗೆ ಓದಲು ಬಾರದು. ತನ್ನಪ್ಪ ಸೋಮವಾರದ ಭಜನೆ ಮುಗಿಸುತ್ತಿದ್ದ ಹಾಡು, ಪುಸ್ತಕದ ಕಟ್ಟಕಡೆಯ ಪದ, ಅದರಲ್ಲಿ ಅವಳಿಗೆ ನೆನಪುಳಿದದ್ದು ಕೊನೆಯ ಚರಣ, ಆ ಒಂದು ನುಡಿ ಮಾತ್ರ. ಚಿಕ್ಕವಳಿದ್ದಾಗ ಭಜನೆ ಶುರುವಾದರೆ ಸಾಕು, ಗೊರಕೆ. ಕೊನೆಯ ನುಡಿಗೆ ಸರಿಯಾಗಿ ಎಚ್ಚರ, ಕೊಬ್ಬರಿ ಸಕ್ಕರೆ ಹಂಚುತ್ತಾರಲ್ಲ! ಈಗ ಅದೂ ಮರೆತುಹೋದರೆ ಹೇಗೆಂದು ಹೆದರುತ್ತಿದ್ದಳು. ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಬಸವಕಲ್ಯಾಣದಿಂದ ದಿನಾ ಬಸ್ಸು ಹಿಡಿದು ಹುಮನಾಬಾದಿನ ಶಾಲೆಗೆ ಹೋಗುವ ಮಾಸ್ತರಿಣಿ ನಾನು. ಒಂದು ಮಧ್ಯಾಹ್ನ ಅಲ್ಲಿನ ಕಾಲೇಜಿನ ಗ್ರಂಥಾಲಯಕ್ಕೆ ನುಗ್ಗಿದೆ. ಗ್ರಂಥಪಾಲಕಿ ಪುಸ್ತಕದ ಹೆಸರು ಕೇಳಿದರು. ಕೆಂಪು ರಟ್ಟಿನದು ಎಂದೆ. ಬರೆದವರು? ಗೊತ್ತಿಲ್ಲ. ಅವರು ನಕ್ಕಿದ್ದಕ್ಕೆ ನನಗೆ ಸಿಟ್ಟು ನೆತ್ತಿಗೇರಿತು. ಮನೆಯಲ್ಲಿ ಅದು ಬರೀ ಮುತ್ಯಾನ ಪುಸ್ತಕ, ಹೆಸರು ನೋಡಿದವರು ಯಾರು? ಹುಮನಾಬಾದಿನಲ್ಲೇ ಅಚ್ಚಾದದ್ದಂತೆ, ಅಷ್ಟೇ ಗೊತ್ತು ಎಂದೆ.

"ಅಷ್ಟ ಸಾಕ್ರಿ," ಎಂದರು.

ಎಷ್ಟೋ ಗ್ರಂಥಾಲಯಗಳು ತಮ್ಮ ಪಟ್ಟಿಗಳನ್ನು ಆನ್‌ಲೈನಿನಲ್ಲಿ ಒಂದೇ ಕಡೆ ಕೂಡಿಸಿಟ್ಟಿವೆಯಂತೆ. ಅಚ್ಚಾದ ಊರು ಹುಮನಾಬಾದ ಎಂದು ಒತ್ತಿದರು. ಒಂಬತ್ತು ಸಾಲು ಬಂದವು. ಏಳನೆಯದು: ತತ್ವಪದಗಳು, ಕೆಂಪು ರಟ್ಟು, ಒಂದೇ ಪ್ರತಿ, ಮೈಸೂರು. ನನ್ನ ಕೈಯಾರೆ ಮಣ್ಣಿಗೆ ಕಳಿಸಿದ್ದು ಅಷ್ಟು ದೂರದ ಕಪಾಟಿನಲ್ಲಿ ಕೂತಿತ್ತು! ಕೆಳಗೆ ಇನ್ನೊಂದು ಮಾತಿತ್ತು: ಕೊನೆಯ ಹಾಳೆ ಇಲ್ಲ.

ಗ್ರಂಥಪಾಲಕಿ ಮೈಸೂರಿಗೆ ಬರೆದು ಕೇಳಿದರು, ವಾರದೊಳಗೆ ಉಳಿದ ಹಾಳೆಗಳ ಚಿತ್ರಗಳು ನನ್ನ ಮೊಬೈಲಿಗೆ ಬಂದವು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಆ ಪದ ಓದತೊಡಗಿದೆ, ಬಡಿತ ನಿಂತಿತು. ಹಾಳೆ ಮುಗಿದಲ್ಲಿ ನಾನೂ ನಿಂತೆ. ಅಲ್ಲಿಂದ ಅವ್ವ ಹಿಡಿದಳು, ತಡವರಿಸದೆ, ಕೊನೆಯ ನುಡಿ ಪೂರ್ತಿ.

"ನಿದ್ದಿಬುರುಕಿ ಅಂತ ಎಲ್ಲಾರೂ ಬೈತಿದ್ರು ನನಗ," ಎಂದು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ನಾನಂತೂ ಬಿಕ್ಕಿಬಿಕ್ಕಿ ಅತ್ತೆ.

ಆ ನುಡಿಯನ್ನು ಬರೆದು ಮೈಸೂರಿಗೆ ಕಳಿಸಿದೆ. ಮೊನ್ನೆ ಗ್ರಂಥಪಾಲಕಿ ಕರೆದು ಪರದೆ ತೋರಿಸಿದರು. ಏಳನೆಯ ಸಾಲಿನಡಿ ಹೊಸದಾಗಿ ಸೇರಿತ್ತು: ಕೊನೆಯ ನುಡಿ, ಬಸವಕಲ್ಯಾಣದ ಒಬ್ಬ ಹೆಣ್ಣುಮಗಳ ಬಾಯಿಂದ. ಅದನ್ನು ಮನೆಗೆ ಬಂದು ಅವ್ವನಿಗೆ ಓದಿ ಹೇಳಿದೆ.

"ಅಂದ್ರ ನಮ್ಮಪ್ಪನ ಪುಸ್ತಕದಾಗ ನಾನೂ ಅದೀನಿ?"

ಹೌದೆಂದೆ. ಇನ್ನೊಮ್ಮೆ ಓದು ಎಂದಳು.